ಕೊಟ್ಟ ನೆರವನ್ನು ಸಾಲದ ಲೆಕ್ಕಕ್ಕೆ ಬರೆಯಬೇಡಿ

ಮಾನ್ಯ ಕೇಂದ್ರ ವಿದೇಶಾಂಗ ಸಚಿವರಿಗೆ,

ಮೈಸೂರಿನಿಂದ ಒಬ್ಬ ನಿವೃತ್ತ ಇತಿಹಾಸ ಅಧ್ಯಾಪಕಿಯ ನಮಸ್ಕಾರಗಳು.

ಟರ್ಕಿಯ ವಿಷಯವಾಗಿ ತಮಗೆ ಬರೆಯುತ್ತಿದ್ದೇನೆ. 2025ರ ಮೇ ತಿಂಗಳಲ್ಲಿ ಆ ದೇಶ ಪಾಕಿಸ್ತಾನದ ಬೆನ್ನಿಗೆ ನಿಂತ ಮೇಲೆ ನಮ್ಮ ಊರಿನಲ್ಲಿ ಒಂದು ಮಾತು ಬೇರು ಬಿಟ್ಟಿದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವವರು, ದೇವರಾಜ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿಗಳು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರು, ಎಲ್ಲರ ಬಾಯಲ್ಲೂ ಅದೇ: "ಭೂಕಂಪವಾದಾಗ ನಾವು ವಿಮಾನದ ಮೇಲೆ ವಿಮಾನ ಕಳಿಸಿದೆವು. ಉಂಡ ಮನೆಗೆ ಎರಡು ಬಗೆದರು. ಇನ್ನು ಅಲ್ಲಿ ಭೂಮಿ ಬಾಯಿ ಬಿಟ್ಟರೂ ಒಂದು ಕಾಳು ಕಳಿಸಬಾರದು."

ಹೀಗೆ ಹೇಳುವವರು ಕಲ್ಲೆದೆಯವರಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅಕ್ಕಿ, ಕಂಬಳಿ ಹೊತ್ತು ತಂದು ಸಾಲಿನಲ್ಲಿ ನಿಂತವರು ಇದೇ ಜನ. ಅವರ ಸಿಟ್ಟು ನನಗೂ ಅರ್ಥವಾಗುತ್ತದೆ. ಪಹಲ್ಗಾಮಿನಲ್ಲಿ ಪ್ರವಾಸಕ್ಕೆ ಹೋದವರನ್ನು ಕೊಂದ ಮೇಲೆ, ಗಡಿಯಲ್ಲಿ ಟರ್ಕಿ ನಿರ್ಮಿತ ಡ್ರೋನ್‌ಗಳು ಹಾರಿಬಂದವು ಎಂದು ನಮ್ಮ ಸರ್ಕಾರವೇ ಹೇಳಿದ ಮೇಲೆ, ಆ ದೇಶದ ಸರ್ಕಾರದ ಬಗ್ಗೆ ಒಳ್ಳೆಯ ಮಾತನಾಡುವ ಮನಸ್ಸು ಯಾರಿಗೆ ಬರುತ್ತದೆ? ಅಲ್ಲಿನ ಸೇಬು ಬೇಡವೆಂದರು, ಪ್ರವಾಸ ರದ್ದು ಮಾಡಿದರು. ಅದು ಅವರವರ ಹಕ್ಕು. ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಟರ್ಕಿಯ ಕಂಪನಿಯೊಂದರ ಭದ್ರತಾ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಿತು. ದೇಶದ ಭದ್ರತೆಯನ್ನು ನೋಡಿಕೊಳ್ಳುವವರು ಮಾಡಬೇಕಾದ ತೀರ್ಮಾನ ಅದು. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ನನ್ನನ್ನು ಕಲಕಿದ್ದು ಆ ಕೊನೆಯ ವಾಕ್ಯ: ಇನ್ನು ಒಂದು ಕಾಳು ಕಳಿಸಬಾರದು ಎಂಬುದು. ಅದನ್ನು ಬೀದಿಯ ಮಾತು ಎಂದು ಬಿಟ್ಟುಬಿಡಲು ನನಗೆ ಆಗುತ್ತಿಲ್ಲ. ಬೀದಿಯ ಮಾತು ಎರಡು ವರ್ಷ ಉಳಿದುಕೊಂಡರೆ ಮೂರನೆಯ ವರ್ಷ ಅದು ನೀತಿಯಾಗುತ್ತದೆ.

ಅಲ್ಲಿ ಆದದ್ದನ್ನು ಒಮ್ಮೆ ನೆನೆದುಕೊಳ್ಳೋಣ. 2023ರ ಫೆಬ್ರುವರಿ 6ರ ನಸುಕಿನಲ್ಲಿ, ಜನ ಇನ್ನೂ ಹಾಸಿಗೆಯಲ್ಲಿದ್ದಾಗ, ಟರ್ಕಿಯ ದಕ್ಷಿಣ ಭಾಗ ಮತ್ತು ಸಿರಿಯಾದ ಉತ್ತರ ಭಾಗವನ್ನು 7.8ರ ತೀವ್ರತೆಯ ಭೂಕಂಪ ಅಲುಗಿಸಿತು. ಅದೇ ಮಧ್ಯಾಹ್ನ 7.5ರ ಮತ್ತೊಂದು. ಟರ್ಕಿಯೊಂದರಲ್ಲೇ 53 ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೈಕೊರೆಯುವ ಚಳಿ. ಮರುದಿನವೇ ನಮ್ಮ ಎನ್‌ಡಿಆರ್‌ಎಫ್ ಎಂಬ ವಿಪತ್ತು ಪರಿಹಾರ ಪಡೆಯ ಸಿಬ್ಬಂದಿ ನಾಯಿಗಳ ಸಮೇತ ಅಲ್ಲಿದ್ದರು. ಗಾಜಿಯಾಂಟೆಪ್ ಪ್ರಾಂತ್ಯದ ನುರ್ದಾಗಿಯಲ್ಲಿ ಕಾಂಕ್ರೀಟಿನ ಅಡಿಯಿಂದ ಆರು ವರ್ಷದ ಒಬ್ಬ ಬಾಲಕಿಯನ್ನು ಜೀವಂತವಾಗಿ ಹೊರತೆಗೆದರು. ನಮ್ಮ ಸೇನೆಯ ವೈದ್ಯರು ಇಸ್ಕೆಂದೆರುನ್‌ನಲ್ಲಿ ಆಸ್ಪತ್ರೆ ತೆರೆದು ಸಾವಿರಾರು ಗಾಯಾಳುಗಳನ್ನು ನೋಡಿಕೊಂಡರು. ಅವರು ಹೊರಡುವ ದಿನ ಅಲ್ಲಿನ ಜನ ಕಣ್ಣೀರು ಹಾಕಿ ಬೀಳ್ಕೊಟ್ಟ ದೃಶ್ಯಗಳನ್ನು ನಾವೆಲ್ಲ ನೋಡಿದ್ದೇವೆ.

ಆ ಬಾಲಕಿಗೆ 2025ರಲ್ಲಿ ಎಂಟು ವರ್ಷ. ತನ್ನ ದೇಶದ ಅಧ್ಯಕ್ಷರು ಯಾರ ಪರವಾಗಿ ಹೇಳಿಕೆ ಕೊಟ್ಟರು ಎಂಬುದಕ್ಕೆ ಅವಳು ಹೊಣೆಯೇ? ನಮ್ಮವರು ಬದುಕಿಸಿದ್ದು ಅವಳನ್ನು, ಅಂಕಾರಾದ ಸರ್ಕಾರವನ್ನಲ್ಲ. ಉಪಕಾರ ಪಡೆದವರು ಒಬ್ಬರು, ಮುನಿಸಿಗೆ ಕಾರಣರಾದವರು ಇನ್ನೊಬ್ಬರು. ಎರಡನ್ನೂ ಒಂದೇ ಖಾತೆಯಲ್ಲಿ ಬರೆದು ಬಾಕಿ ತೀರಿಸಿ ಎಂದು ಕೇಳುವುದು ಯಾವ ನ್ಯಾಯ?

ನಾವು ಅಲ್ಲಿಗೆ ಹೋದದ್ದು ಬರೀ ಕರುಣೆಯಿಂದಲೇ ಎಂದು ನಾನು ವಾದಿಸುತ್ತಿಲ್ಲ, ಸ್ವಾಮಿ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು ನಾನು. ರಾಜ್ಯಗಳು ಲಾಭ ನೋಡದೆ ಹೆಜ್ಜೆ ಇಡುವುದಿಲ್ಲ ಎಂದು ಗೊತ್ತಿದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಮ್ಮದೇ ತಮಿಳುನಾಡು, ಅಂಡಮಾನ್ ನಲುಗಿ ಹೋಗಿದ್ದಾಗ ಭಾರತ ಪರದೇಶದ ನೆರವು ಬೇಡವೆಂದಿತು. ಅದೇ ಹೊತ್ತಿಗೆ ಶ್ರೀಲಂಕಾ, ಮಾಲ್ದೀವ್ಸ್, ಇಂಡೋನೇಷ್ಯಾಗಳಿಗೆ ತನ್ನ ಹಡಗುಗಳನ್ನು ಕಳಿಸಿತು. ಬೇಡುವ ದೇಶವಲ್ಲ, ಕೊಡುವ ದೇಶ ಎಂದು ತೋರಿಸಿಕೊಳ್ಳಬೇಕಿತ್ತು. ಆ ದಿನಗಳಲ್ಲಿ ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಜೊತೆ ಪರಿಹಾರಕ್ಕೆಂದು ಕೈಜೋಡಿಸಿದ ನಾಲ್ವರ ಗುಂಪೇ ಮುಂದೆ ಕ್ವಾಡ್ ಎಂಬ ಕೂಟಕ್ಕೆ ಬುನಾದಿಯಾಯಿತು. ಹೆಣಗಳನ್ನು ಎತ್ತಲು ಹೋದ ಹಡಗುಗಳಿಂದ ಒಂದು ರಾಜಕೀಯ ಮೈತ್ರಿ ಹುಟ್ಟಿತು. ಹಾಗೆಂದು ಶ್ರೀಲಂಕಾದ ಗಾಲ್ ಬಂದರಿನಲ್ಲಿ ನಮ್ಮ ನೌಕಾಪಡೆಯವರು ಹಂಚಿದ ನೀರು ನೀರಲ್ಲದೆ ಹೋಯಿತೇ? ಕುಡಿದವರ ಬಾಯಾರಿಕೆ ಇಂಗಿತು. ಕೊಡುವವನ ಎದೆಯನ್ನು ಬಗೆದು ನೋಡುವ ಹಟ ನನಗಿಲ್ಲ. ಕೊಟ್ಟದ್ದು ಯಾರ ಕೈಗೆ ಹೋಯಿತು, ಹೊತ್ತಿಗೆ ಸರಿಯಾಗಿ ಹೋಯಿತೇ, ಆಮೇಲೆ ಅದರ ಹೆಸರಿನಲ್ಲಿ ಏನನ್ನು ಕೇಳಲಾಯಿತು ಎಂಬುದನ್ನಷ್ಟೇ ನಾನು ನೋಡುವುದು. ಹೀಗೆ ನೋಡುವುದನ್ನು ನನಗೆ ಕಲಿಸಿದ್ದು ಪಡೆದುಕೊಂಡವರ ಕಡೆಯ ಇತಿಹಾಸ.

ನಾನೂ ಪಡೆದುಕೊಂಡವಳೇ. ಮದ್ದೂರು ಮತ್ತು ಮಂಡ್ಯದ ನಡುವೆ, ರೈಲು ಹಳಿಯ ಪಕ್ಕದ ಒಂದು ಹಳ್ಳಿ ನನ್ನದು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ನಮಗೆ ಮಧ್ಯಾಹ್ನ, ಕೇರ್ ಎಂಬ ಅಮೆರಿಕದ ಸೇವಾಸಂಸ್ಥೆಯ ಹೆಸರಿನ ಕೇರ್ ಉಪ್ಪಿಟ್ಟು ಕೊಡುತ್ತಿದ್ದರು. ನನ್ನ ವಯಸ್ಸಿನ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ದಪ್ಪ ಗೋಧಿ ನುಚ್ಚು, ಡಬ್ಬದಲ್ಲಿ ಬರುತ್ತಿದ್ದ ಎಣ್ಣೆ, ಬಿಸಿನೀರಿನಲ್ಲಿ ಕದಡಿದ ಹಾಲಿನ ಪುಡಿ. ಉಪ್ಪಿಟ್ಟನ್ನು ಮುತ್ತುಗದ ಎಲೆಯ ಮೇಲೆ ಹಾಕುತ್ತಿದ್ದರು. ಬಿಸಿಗೆ ಎಲೆ ಬಾಡಿ ಒಂದು ಬಗೆಯ ಕಮಟು ವಾಸನೆ ಬರುತ್ತಿತ್ತು. ಚೀಲದ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡಿರುವ ಚಿತ್ರ, ಅದರ ಹಿಂದೆ ನಕ್ಷತ್ರ ಮತ್ತು ಪಟ್ಟೆಗಳು. ಅಮೆರಿಕದ ಜನ ಕೊಟ್ಟದ್ದು, ಇದನ್ನು ಮಾರುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದೆ ಎಂದು ಮೇಷ್ಟ್ರು ಓದಿ ಹೇಳುತ್ತಿದ್ದರು. ಖಾಲಿ ಚೀಲವನ್ನು ಒಗೆದು ದಿಂಬಿನ ಗೌಸು ಹೊಲಿದ ಮನೆಗಳೂ ಇದ್ದವು. ಎಷ್ಟು ಒಗೆದರೂ ಆ ಎರಡು ಕೈಗಳು ಪೂರ್ತಿ ಅಳಿಸಿಹೋಗುತ್ತಿರಲಿಲ್ಲ.

ನಾನು ಆ ಉಪ್ಪಿಟ್ಟು ತಿನ್ನುವುದಕ್ಕೆ ಕೆಲವೇ ವರ್ಷ ಮೊದಲು, 1965ರಿಂದ 67ರವರೆಗೆ, ದೇಶದಲ್ಲಿ ಸಾಲು ಸಾಲು ಮಳೆ ಕೈಕೊಟ್ಟಿತ್ತು. ಬಿಹಾರ ಬರದಲ್ಲಿ ಬೇಯುತ್ತಿತ್ತು. ಪಿಎಲ್ 480 ಎಂಬ ಕಾನೂನಿನಡಿ ಅಮೆರಿಕದಿಂದ ಬರುವ ಗೋಧಿಯನ್ನೇ ನಂಬಿಕೊಂಡಿದ್ದೆವು. ಆಗ ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿಯನ್ನು ವರ್ಷದ ಒಪ್ಪಂದಕ್ಕೆ ಬದಲು ತಿಂಗಳು ತಿಂಗಳು ಅಳೆದು ಬಿಡುಗಡೆ ಮಾಡತೊಡಗಿದರು. ನಮ್ಮ ಕೃಷಿನೀತಿ ಅವರು ಹೇಳಿದಂತೆ ಬದಲಾಗಬೇಕಿತ್ತು. ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ನಾವು ಟೀಕಿಸಿದ್ದೂ ಅವರಿಗೆ ಚುಚ್ಚಿತ್ತು. ಹಡಗು ಬಂದರೆ ಊಟ, ಇಲ್ಲದಿದ್ದರೆ ಇಲ್ಲ ಎನ್ನುವ ಸ್ಥಿತಿ. ಆ ಅವಮಾನವನ್ನು ನುಂಗಿದ ತಲೆಮಾರೇ ಹಸಿರು ಕ್ರಾಂತಿಗೆ ಹೊರಟಿತು.

ಇದನ್ನು ಓದಿ ತಿಳಿದ ಮೇಲೂ ನಾನು ಆ ಉಪ್ಪಿಟ್ಟನ್ನು ಬೈಯಲಾರೆ. ನನ್ನ ಮೂಳೆಯಲ್ಲಿ ಅದು ಇದೆ. ಕಾನ್ಸಾಸ್‌ನ ಯಾವುದೋ ಹೊಲದಲ್ಲಿ ಆ ಗೋಧಿ ಬೆಳೆದ ರೈತನಿಗೆ ನಾನು ಋಣಿ. ಆದರೆ ವಿಯೆಟ್ನಾಂ ಬಗ್ಗೆ ನನ್ನ ದೇಶ ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಎಂದು ನಾನು ಎಂದೂ ಒಪ್ಪುವುದಿಲ್ಲ. ಭಾರತ ಅಂದು ಕೃತಘ್ನ ದೇಶವೆಂದು ವಾಷಿಂಗ್ಟನ್ನಿನಲ್ಲಿ ಹೇಳಿದವರಿಗೆ ನಾವು ಏನು ಉತ್ತರ ಕೊಡುತ್ತಿದ್ದೆವೋ, ಅದೇ ಉತ್ತರವನ್ನು ಇಂದು ನಮ್ಮ ಊರಿನವರಿಗೆ ಕೊಡಬೇಕಾಗಿದೆ: ಅನ್ನ ಕೊಟ್ಟದ್ದಕ್ಕೆ ನಾಲಿಗೆಯನ್ನು ಅಡವಿಟ್ಟುಕೊಳ್ಳುವಂತಿಲ್ಲ. ಅಂದ ಹಾಗೆ, ಆ ಎರಡು ಕೈಗಳ ಮುದ್ರೆ ಹೊತ್ತಿದ್ದ ಅಮೆರಿಕದ ನೆರವು ಸಂಸ್ಥೆಯನ್ನೇ 2025ರಲ್ಲಿ ಮುಚ್ಚಿದರು. ಅದೇ ವರ್ಷ ಮ್ಯಾನ್ಮಾರ್‌ನ ಭೂಕಂಪಕ್ಕೆಂದು ಅದು ಕಳಿಸಿದ್ದ ಸಿಬ್ಬಂದಿ ಮೂವರಿಗೆ ಅಲ್ಲಿರುವಾಗಲೇ ಕೆಲಸ ಹೋಗುವ ಸುದ್ದಿ ತಲುಪಿತು. ನೆರವನ್ನು ದೇಶದ ಹಿತಕ್ಕೆ ಮಾತ್ರ ಕಟ್ಟಿಹಾಕಿದರೆ ಎಂಥ ದಿನ ಬರುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೂ ಹಿಂದಿನದೊಂದಿದೆ. ಅದು ನಮ್ಮ ಮೈಸೂರಿನದೇ.

ಧಾತು, ಈಶ್ವರ ಸಂವತ್ಸರಗಳ ಬರವೆಂದರೆ ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಈಗಲೂ ಮಾತು ಕೆಳಗಿಳಿಯುತ್ತದೆ. 1876ರಿಂದ 78. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ ನಲವತ್ತೆರಡು ಲಕ್ಷವೂ ಇರಲಿಲ್ಲ. ಹತ್ತು ವರ್ಷದಲ್ಲಿ ಏರಬೇಕಾದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಸಿದಿತ್ತು. ಜನ ಕತ್ತಾಳೆ ಗೆಡ್ಡೆ ಬೇಯಿಸಿ ತಿಂದರು, ಹುಣಸೆ ಬೀಜ ಕುಟ್ಟಿ ತಿಂದರು ಎಂದು ನನ್ನ ಅಜ್ಜಿ ಅವರ ಅಜ್ಜಿಯಿಂದ ಕೇಳಿದ್ದನ್ನು ಹೇಳುತ್ತಿದ್ದರು. ಬರದ ನಡುವೆಯೇ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸಲು ದಿಲ್ಲಿಯಲ್ಲಿ ವೈಸರಾಯ್ ಲಿಟ್ಟನ್ ದರ್ಬಾರು ನಡೆಸಿದರು. ಮದರಾಸಿನ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅದರ ಮೇಲೆ ಒಂದಾಣೆ ಸಾಕೆಂದು ವೈಸರಾಯ್ ಕಳಿಸಿದ್ದ ಅಧಿಕಾರಿ ರಿಚರ್ಡ್ ಟೆಂಪಲ್ ಕಡಿತ ಮಾಡಿದರು. ಇಲ್ಲಿ ಜನ ಸಾಯುತ್ತಿದ್ದ ಕಾಲದಲ್ಲೇ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಿತ್ತು.

ಅದೇ ಇಂಗ್ಲೆಂಡಿನಿಂದ ನೆರವೂ ಬಂತು ಎಂಬುದನ್ನು ನಾವು ಮರೆಯುತ್ತೇವೆ. ಮದರಾಸಿನ ಗವರ್ನರರ ಮನವಿಯ ಮೇಲೆ 1877ರಲ್ಲಿ ಲಂಡನ್ನಿನ ಮೇಯರ್ ಮ್ಯಾನ್ಷನ್ ಹೌಸ್ ನಿಧಿಯನ್ನು ತೆರೆದರು. ಲಕ್ಷಾಂತರ ಪೌಂಡ್ ಸೇರಿತು. ಲ್ಯಾಂಕಷೈರಿನ ಗಿರಣಿ ಊರುಗಳ ಜನರೂ ಕೊಟ್ಟರು, ದೂರದ ಆಸ್ಟ್ರೇಲಿಯಾದವರೂ ಕೊಟ್ಟರು. ಮಳೆ ಬಂದ ಮೇಲೆ ಉಳುವುದಕ್ಕೆ ಎತ್ತಿಲ್ಲದೆ, ಬಿತ್ತುವುದಕ್ಕೆ ಬೀಜವಿಲ್ಲದೆ ಕುಳಿತಿದ್ದ ರೈತರಿಗೆ ಬೀಜ, ದನ, ನೇಗಿಲುಗಳನ್ನು ಕೊಳ್ಳಲು ಆ ಹಣ ಒದಗಿತು. ನಮ್ಮ ಸೀಮೆಯ ಎಷ್ಟೋ ವಂಶಗಳು ಆ ಒಂದು ಜೋಡಿ ಎತ್ತಿನಿಂದ ಮತ್ತೆ ಬೇಸಾಯಕ್ಕೆ ನಿಂತಿರಬೇಕು. ಒಂದೇ ದೇಶದ ಸರ್ಕಾರ ಕೂಳು ಕಡಿತ ಮಾಡಿದಾಗ ಅದೇ ದೇಶದ ಗಿರಣಿಯವರು ಬೀಜಕ್ಕೆ ಕಾಸು ಕಳಿಸಿದರು. ಯಾವುದೇ ದೇಶವನ್ನು ಒಂದೇ ಮುಖವೆಂದು ನೋಡಬಾರದು ಎಂದು ತರಗತಿಯಲ್ಲಿ ಹೇಳುವಾಗ ನಾನು ಈ ಉದಾಹರಣೆಯನ್ನೇ ಕೊಡುತ್ತಿದ್ದೆ.

ಸರ್ಕಾರ ಮಾಡಿದ ಖರ್ಚು ಏನಾಯಿತು? ಬರಕ್ಕೆಂದು ತೆತ್ತ ಹಣ ಸಾಲವಾಗಿ ಉಳಿಯಿತು. 1881ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಮರಳಿಸಿದಾಗ ಮೈಸೂರಿನ ತಲೆಯ ಮೇಲೆ ಭಾರತ ಸರ್ಕಾರಕ್ಕೆ ಸಲ್ಲಬೇಕಾದ ಸುಮಾರು 80 ಲಕ್ಷ ರೂಪಾಯಿಯ ಸಾಲವಿತ್ತು. ದಿವಾನ್ ರಂಗಾಚಾರ್ಲು ಆಡಳಿತ ಆರಂಭಿಸಿದ್ದು ಈ ಹೊರೆ ಹೊತ್ತುಕೊಂಡೇ. ಹಸಿದವರಿಗೆ ಊಟ ಹಾಕಿದ ಲೆಕ್ಕವನ್ನು, ಬದುಕಿ ಉಳಿದವರಿಂದ ವಸೂಲಿ ಮಾಡಿದರು.

ನನ್ನ ಊರಿನ ಪಕ್ಕದ ರೈಲು ಏರಿ ಆ ಕಾಲದ್ದು. ಬೆಂಗಳೂರಿನಿಂದ ಮೈಸೂರಿಗೆ ಬರುವ ಮಾರ್ಗದ ಮಣ್ಣಿನ ಕೆಲಸ ಬರ ಪರಿಹಾರದ ಕಾಮಗಾರಿಯಾಗಿಯೇ ಶುರುವಾಯಿತು. 1882ರಲ್ಲಿ ರೈಲು ಮೈಸೂರು ಮುಟ್ಟಿತು. ಒಪ್ಪೊತ್ತಿನ ಕೂಳಿಗೆ ಮಣ್ಣು ಹೊತ್ತವರ ಹೆಸರು ಎಲ್ಲೂ ಇಲ್ಲ. ಈಗ ಜೋಡಿ ಹಳಿ ಬಂದಿದೆ, ವಿದ್ಯುತ್ ರೈಲು ಓಡುತ್ತದೆ, ಮದ್ದೂರಿನಲ್ಲಿ ವಡೆ ಕೊಂಡು ತಿನ್ನುತ್ತಾ ನಾವು ಆ ಏರಿಯ ಮೇಲೆ ಹಾದುಹೋಗುತ್ತೇವೆ. ಇಂಥ ನೆಲದಲ್ಲಿ ಹುಟ್ಟಿದವರ ಬಾಯಲ್ಲಿ "ಕೊಟ್ಟದ್ದನ್ನು ನೆನಪಿಟ್ಟುಕೊಳ್ಳಿ, ಬಾಕಿ ಇದೆ" ಎಂಬ ಮಾತು ಬರುವುದು ನನಗೆ ಸಂಕಟವಾಗುತ್ತದೆ.

ಮುನಿಸು ಮತ್ತು ನೆರವು ಒಂದಕ್ಕೊಂದು ತಳುಕು ಹಾಕಿಕೊಂಡರೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದು ತಮ್ಮ ಸಚಿವಾಲಯದ ಕಡತಗಳಲ್ಲೇ ಇದೆ. 2005ರ ಅಕ್ಟೋಬರ್ 8ರಂದು ಕಾಶ್ಮೀರದಲ್ಲಿ ಭೂಮಿ ನಡುಗಿತು. ಗಡಿ ನಿಯಂತ್ರಣ ರೇಖೆಯ ಆಚೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬದುಕಿದವರು ಬೆಟ್ಟದ ಮೇಲೆ, ರಸ್ತೆಗಳಿಲ್ಲ, ಚಳಿಗಾಲ ಹೊಸ್ತಿಲಲ್ಲಿದೆ. ಹೆಲಿಕಾಪ್ಟರ್ ಒಂದೇ ದಾರಿ. ಭಾರತ ಹೆಲಿಕಾಪ್ಟರ್ ಕೊಡಲು ಮುಂದೆ ಬಂತು. ಪಾಕಿಸ್ತಾನ, ಹೆಲಿಕಾಪ್ಟರ್ ಬರಲಿ, ನಿಮ್ಮ ಪೈಲಟ್‌ಗಳು ಬೇಡ ಎಂದಿತು. ಪೈಲಟ್‌ಗಳಿಲ್ಲದೆ ಕಳಿಸುವುದಿಲ್ಲ ಎಂದು ನಾವು ಹೇಳಿದೆವು. ಇಬ್ಬರ ಬಳಿಯೂ ಕಾರಣಗಳಿದ್ದವು. ಹೆಲಿಕಾಪ್ಟರುಗಳು ನಿಂತಲ್ಲೇ ನಿಂತವು. ಹೊದಿಕೆ, ಗುಡಾರ, ಔಷಧಿಗಳು ಹೋದವು ನಿಜ, ರೇಖೆಯಲ್ಲಿ ಐದು ಕಡೆ ದಾರಿ ತೆರೆದದ್ದೂ ನಿಜ. ಆದರೆ ಆ ಮೊದಲ ವಾರಗಳು ಮತ್ತೆ ಬರಲಿಲ್ಲ.

ಇದಕ್ಕೆ ವಿರುದ್ಧವಾದದ್ದನ್ನು ನಾನು ನಮ್ಮ ಜಿಲ್ಲೆಯಲ್ಲೇ ಕಂಡಿದ್ದೇನೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ತಮಗೆ ಗೊತ್ತಿರುತ್ತದೆ. 1960ರಲ್ಲಿ ಅಂದಿನ ಮೈಸೂರು ಸರ್ಕಾರ ನಿರಾಶ್ರಿತ ಟಿಬೆಟನ್ನರಿಗೆ ಅಲ್ಲಿ ಸುಮಾರು ಮೂರು ಸಾವಿರ ಎಕರೆ ಭೂಮಿ ಕೊಟ್ಟಿತು. ಕಾಡು ಕಡಿದು ಮೆಕ್ಕೆಜೋಳ ಬೆಳೆದು ಅವರು ನೆಲೆ ನಿಂತರು. ದಿಲ್ಲಿಗೆ ಚೀನಾದ ವಿಷಯದಲ್ಲಿ ಏನು ಲೆಕ್ಕಾಚಾರವಿತ್ತೋ, ಬೈಲಕುಪ್ಪೆಯ ಸುತ್ತಮುತ್ತಲಿನ ಹಳ್ಳಿಯವರಿಗೆ ಅದರ ಗೊಡವೆ ಇರಲಿಲ್ಲ. ಇಂದು ಅಲ್ಲಿನ ಮಕ್ಕಳು ನಮ್ಮಷ್ಟೇ ಸಲೀಸಾಗಿ ಕನ್ನಡ ಮಾತನಾಡುತ್ತಾರೆ.

2025ರ ಜನವರಿ 7ರಂದು ಟಿಬೆಟಿನ ಡಿಂಗ್ರಿಯಲ್ಲಿ ಭೂಕಂಪವಾಯಿತು. ಚೀನಾದ ಅಧಿಕೃತ ಲೆಕ್ಕದ ಪ್ರಕಾರವೇ 126 ಜನ ಸತ್ತರು. ಡಿಂಗ್ರಿ ಇರುವುದು ಶಿಗಾತ್ಸೆ ಪ್ರಾಂತ್ಯದಲ್ಲಿ. ಅಲ್ಲಿನ ತಾಶಿ ಲ್ಹುನ್ಪೊ ಎಂಬ ಮಠದ ಹೆಸರಿನದೇ ಮಠ ಬೈಲಕುಪ್ಪೆಯಲ್ಲೂ ಇದೆ. ಹಿಮಾಲಯದ ಆಚೆ ಉರುಳಿದ್ದು ಇಲ್ಲಿನವರ ಅಜ್ಜ ಅಜ್ಜಿಯರ ನೆಲದ ಮನೆಗಳು. ಇವರಿಗೆ ಅಲ್ಲಿಗೆ ಹೋಗುವಂತಿಲ್ಲ. ಪತ್ರಕರ್ತರಿಗೂ ಅನುಮತಿಯಿಲ್ಲದೆ ಪ್ರವೇಶವಿಲ್ಲದ ನಾಡು ಅದು. ಆ ದಿನಗಳಲ್ಲಿ ದಲೈ ಲಾಮಾ ಅವರು ಬೈಲಕುಪ್ಪೆಯಲ್ಲೇ ಇದ್ದರು. ಜನವರಿ 9ರಂದು ಸತ್ತವರಿಗಾಗಿ ಪ್ರಾರ್ಥನೆ ನಡೆಸಿದರು. ಇದು ಪ್ರಕೃತಿಯಿಂದ ಆದ ಅನಾಹುತ, ರಾಜಕೀಯದಿಂದಲ್ಲ, ಆದ್ದರಿಂದ ಚೀನಾದ ಮೇಲೆ ಕೋಪಿಸಿಕೊಳ್ಳಲು ಕಾರಣವಿಲ್ಲ ಎಂಬ ಅರ್ಥದ ಮಾತನ್ನು ಅಲ್ಲಿ ಹೇಳಿದರು. ಚೀನಾದ ಮೇಲೆ ಮುನಿಯಲು ಭೂಮಿಯ ಮೇಲೆ ಯಾರಿಗಾದರೂ ಹಕ್ಕಿದ್ದರೆ ಅದು ಆ ಸಭೆಯಲ್ಲಿ ಕುಳಿತಿದ್ದವರಿಗೆ. ಅವರಿಗೆ ಸಾಧ್ಯವಾದದ್ದು ನಮಗೆ ಟರ್ಕಿಯ ವಿಷಯದಲ್ಲಿ ಏಕೆ ಸಾಧ್ಯವಾಗಬಾರದು? ಮೈಸೂರಿನಿಂದ ಬೈಲಕುಪ್ಪೆ ಎರಡು ಗಂಟೆಯ ಬಸ್ ಪ್ರಯಾಣ.

ಈಗ ತಮ್ಮ ಕಡೆಗೆ ಬರುತ್ತೇನೆ. ನೆರವು ಯಾವ ಬಾಗಿಲಿನಿಂದ ಒಳಗೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವವರು ತಾವು. 2023ರಲ್ಲಿ ಟರ್ಕಿಯ ಕಡೆ ಜಗತ್ತಿನ ವಿಮಾನಗಳೆಲ್ಲ ಇಳಿಯುತ್ತಿದ್ದಾಗ, ಗಡಿಯಾಚೆ ಸಿರಿಯಾದ ವಾಯವ್ಯ ಮೂಲೆಯಲ್ಲಿ, ಬಂಡುಕೋರರ ವಶದಲ್ಲಿದ್ದ ಪ್ರದೇಶದಲ್ಲಿ, ಜನ ಬರಿಗೈಯಲ್ಲಿ ಕಲ್ಲುಮಣ್ಣು ಸರಿಸುತ್ತಿದ್ದರು. ವಿಶ್ವಸಂಸ್ಥೆಯ ನೆರವು ಹೋಗಲು ಬಾಬ್ ಅಲ್ ಹವಾ ಎಂಬ ಒಂದೇ ಗಡಿದ್ವಾರಕ್ಕೆ ಭದ್ರತಾ ಮಂಡಳಿಯ ಒಪ್ಪಿಗೆ ಇತ್ತು. ಭೂಕಂಪದ ನಂತರದ ಮೊದಲ ಲಾರಿಗಳು ಅಲ್ಲಿ ದಾಟಿದ್ದು ಫೆಬ್ರುವರಿ 9ರಂದು. ಇನ್ನೆರಡು ದ್ವಾರಗಳಿಗೆ ರಾಜಧಾನಿ ಡಮಾಸ್ಕಸ್ಸಿನ ಸಿರಿಯಾ ಸರ್ಕಾರ ಹೂಂ ಎಂದದ್ದು 13ರಂದು. ಅವಶೇಷಗಳ ಅಡಿಯಲ್ಲಿ ಮನುಷ್ಯ ಎಷ್ಟು ದಿನ ಉಸಿರು ಹಿಡಿದಿರಬಲ್ಲ? ಆ ಜನರ ವಿಷಯದಲ್ಲಿ ನಾವು ಸೋತಿದ್ದೇವೆ ಎಂದು ವಿಶ್ವಸಂಸ್ಥೆಯ ಪರಿಹಾರ ಕಾರ್ಯದ ಮುಖ್ಯಸ್ಥರೇ ಒಪ್ಪಿಕೊಂಡರು. ನಮ್ಮ ದೇಶವೂ ಸಿರಿಯಾಕ್ಕೆ ಔಷಧಿ ಕಳಿಸಿತು, ಡಮಾಸ್ಕಸ್ಸಿಗೆ. ಸರ್ಕಾರ ಸರ್ಕಾರಕ್ಕೆ ಕೊಟ್ಟದ್ದು. ಹೆಚ್ಚು ನೊಂದವರು ಆ ಸರ್ಕಾರದ ಕೈಗೆ ಎಟುಕದ ಕಡೆಯಲ್ಲಿದ್ದರು.

ಮ್ಯಾನ್ಮಾರ್‌ನಲ್ಲೂ ಇದೇ ಕಥೆ. 2025ರ ಮಾರ್ಚ್ 28ರಂದು ಸಗಾಯಿಂಗ್ ಎಂಬ ಭೂಪದರದ ಸೀಳಿನಗುಂಟ 7.7ರ ಭೂಕಂಪ. ಮೂರೂವರೆ ಸಾವಿರಕ್ಕೂ ಹೆಚ್ಚು ಸಾವು. ರಂಜಾನ್ ತಿಂಗಳ ಕೊನೆಯ ಶುಕ್ರವಾರದ ನಮಾಜಿಗೆ ಸೇರಿದ್ದವರ ಮೇಲೆ ಮಸೀದಿಗಳು ಕುಸಿದವು, ಬೌದ್ಧ ವಿಹಾರಗಳೂ ನೆಲಸಮವಾದವು. ಮರುದಿನವೇ ನಮ್ಮ ವಿಮಾನ ಹೋಯಿತು, ಸೇನೆ ಮ್ಯಾಂಡಲೆಯಲ್ಲಿ ಆಸ್ಪತ್ರೆ ತೆರೆಯಿತು, ಹಡಗುಗಳಲ್ಲಿ ಅಕ್ಕಿ ಹೋಯಿತು. ಎಲ್ಲರಿಗಿಂತ ಮೊದಲು ಮುಟ್ಟಿದವರಲ್ಲಿ ನಾವಿದ್ದೆವು ಎಂಬುದು ನನಗೆ ಹೆಮ್ಮೆ. ಆದರೆ ಐರಾವತಿ ನದಿಯ ಆಚೆ ದಡದ ಸಗಾಯಿಂಗ್ ಪ್ರಾಂತ್ಯದ ಬಹುಭಾಗ ಸೇನಾಡಳಿತವನ್ನು ಒಪ್ಪದವರ ಹಿಡಿತದಲ್ಲಿತ್ತು. ಭೂಕಂಪದ ನಂತರವೂ ಅಂಥ ಪ್ರದೇಶಗಳ ಮೇಲೆ ಸೇನೆಯ ದಾಳಿ ನಿಲ್ಲಲಿಲ್ಲ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಹೇಳಿತು. ಆ ದೇಶದೊಂದಿಗೆ ನಮಗೆ 1,643 ಕಿಲೋಮೀಟರ್ ಗಡಿ ಇದೆ, ಕಲಾದಾನ್ ಸಾರಿಗೆ ಯೋಜನೆ ಇದೆ, ಚೀನಾ ಅಲ್ಲಿ ಕಾಲೂರಿದೆ. ಅಲ್ಲಿನ ರಾಜಧಾನಿ ನೇಪ್ಯಿಡಾದಲ್ಲಿ ಕುಳಿತವರ ಮುಖ ಕೆಡಿಸಲು ದಿಲ್ಲಿಗೆ ಮನಸ್ಸಿಲ್ಲದಿರಬಹುದು. ಆದರೂ ಕೇಳುತ್ತೇನೆ: ನಾವು ಕಳಿಸಿದ ಅಕ್ಕಿಯಲ್ಲಿ ನದಿ ದಾಟಿದ್ದು ಎಷ್ಟು?

ಈ ಪ್ರಶ್ನೆಗೆ ಉತ್ತರ ಹುಡುಕಲು ನನ್ನಂಥ ನಾಗರಿಕರಿಗೆ ದಾರಿಯಿಲ್ಲ. ವಿಮಾನ ಹೊರಟಾಗ ಎಷ್ಟು ಟನ್ ಎಂದು ಹೇಳುತ್ತೀರಿ, ಡಬ್ಬಗಳ ಮೇಲೆ ಭಾರತದ ಜನರ ಕೊಡುಗೆ ಎಂದು ಬರೆದದ್ದನ್ನು ಟಿವಿಯಲ್ಲಿ ತೋರಿಸುತ್ತೀರಿ. ಅಲ್ಲಿಗೆ ಸುದ್ದಿ ಮುಗಿಯುತ್ತದೆ. ಕಳಿಸಿದ ಗುಡಾರಗಳು ಯಾವ ಹಳ್ಳಿಯಲ್ಲಿ ಎದ್ದು ನಿಂತವು, ಮಳೆಗಾಲ ಬಂದಾಗ ಅವು ಉಳಿದಿದ್ದವೇ, ಆಸ್ಪತ್ರೆ ಗಂಟು ಕಟ್ಟಿದ ಮೇಲೆ ಕಾಲು ಕತ್ತರಿಸಿಕೊಂಡವರನ್ನು ಯಾರು ನೋಡಿದರು ಎಂದು ಯಾರೂ ಹೇಳುವುದಿಲ್ಲ. ಪ್ರತಿ ದೊಡ್ಡ ನೆರವಿನ ಒಂದು ವರ್ಷದ ನಂತರ ಸಂಸತ್ತಿನ ಮುಂದೆ ಒಂದು ವರದಿ ಇಡಿ. ಏನು ಹೋಯಿತು, ಯಾರ ಕೈಗೆ ಹೋಯಿತು, ಎಲ್ಲಿಗೆ ಮುಟ್ಟಲಿಲ್ಲ, ಏಕೆ. ಮುಟ್ಟದೆ ಹೋದದ್ದನ್ನು ಮರೆಮಾಚದೆ ಬರೆಯಿರಿ. ಅದನ್ನು ಕನ್ನಡದಲ್ಲೂ ಪ್ರಕಟಿಸಿ. ನಮ್ಮ ತೆರಿಗೆಯಲ್ಲಿ ಒಂದು ಪಾಲು ಅದು.

ಬಾಗಿಲಿನ ವಿಷಯದಲ್ಲೂ ಒಂದು ಗಟ್ಟಿ ನಿಲುವು ಬೇಕು. ವಿಪತ್ತಿನ ಪರಿಹಾರ ಮಾನವೀಯವಾಗಿ, ಯಾರ ಪಕ್ಷವನ್ನೂ ವಹಿಸದೆ, ಭೇದವೆಣಿಸದೆ ನಡೆಯಬೇಕು ಎಂದು 1991ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯ ಮಾಡಿದೆ. ಆ ಸಭೆಯಲ್ಲಿ ನಾವೂ ಇದ್ದೆವು. ರಾಜಧಾನಿಯ ಕೈಗೆ ಎಲ್ಲವನ್ನೂ ಒಪ್ಪಿಸುವುದಕ್ಕೆ ಬದಲು ಒಂದು ಭಾಗವನ್ನಾದರೂ ರೆಡ್‌ಕ್ರಾಸ್‌ನಂಥ ಸಂಸ್ಥೆಗಳ ಮೂಲಕ, ಸರ್ಕಾರ ಕಾಲಿಡದ ಕಡೆಗೆ ತಲುಪಿಸಲು ಹಟ ಹಿಡಿಯಿರಿ. ಹಟ ಹಿಡಿದರೆ ಆಗುತ್ತದೆ. 2022ರಲ್ಲಿ ಅಫ್ಘಾನಿಸ್ತಾನಕ್ಕೆ ಗೋಧಿ ಕಳಿಸುವಾಗ ತಾಲಿಬಾನ್ ಸರ್ಕಾರವನ್ನು ನಾವು ಮಾನ್ಯ ಮಾಡಿರಲಿಲ್ಲ. ಪಾಕಿಸ್ತಾನದೊಂದಿಗೆ ವ್ಯಾಪಾರ ನಿಂತಿತ್ತು. ಆದರೂ ಗೋಧಿ ಲಾರಿಗಳು ಅಟ್ಟಾರಿ ದಾಟಿ ಪಾಕಿಸ್ತಾನದ ರಸ್ತೆಯಲ್ಲೇ ಹೋದವು, ಅಲ್ಲಿ ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮದವರು ಹಂಚಿದರು. ಅಂದು ಕಂಡುಕೊಂಡ ದಾರಿ ಸಗಾಯಿಂಗ್‌ಗೆ ಏಕೆ ಇರಬಾರದು?

ಕೊನೆಗೆ ಟರ್ಕಿ. ಆ ಸರ್ಕಾರದೊಂದಿಗೆ ಎಷ್ಟು ಬಿಗಿಯಾಗಿ ಇರಬೇಕೋ ಅಷ್ಟು ಬಿಗಿಯಾಗಿ ಇರಿ. ವ್ಯಾಪಾರ ಒಪ್ಪಂದ, ಶಸ್ತ್ರಾಸ್ತ್ರ, ವಿಮಾನಯಾನ ಎಲ್ಲದರಲ್ಲೂ ದೇಶದ ಹಿತವನ್ನೇ ಮುಂದಿಡಿ, ನಾನು ತಮ್ಮ ಹಿಂದೆ ನಿಲ್ಲುತ್ತೇನೆ. ಆದರೆ 2023ರ ನೆರವನ್ನು ಆ ಜಗಳದಲ್ಲಿ ಎಳೆದು ತರಬೇಡಿ, ತಮ್ಮ ಪಕ್ಷದವರೂ ವಿರೋಧ ಪಕ್ಷದವರೂ ಎಳೆದು ತಂದಾಗ ಸುಮ್ಮನಿರಬೇಡಿ. ಉತ್ತರ ಅನಟೋಲಿಯಾದ ಸೀಳು ಇಸ್ತಾಂಬುಲ್ ಪಕ್ಕದಲ್ಲೇ ಸಮುದ್ರದಡಿ ಹಾದುಹೋಗಿದೆ. 1999ರಲ್ಲಿ ಅದೇ ಸೀಳಿನಲ್ಲಿ ಇಜ್ಮಿತ್ ಪಟ್ಟಣ ಉರುಳಿ 17 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಒಂದೂವರೆ ಕೋಟಿ ಜನರ ಆ ಮಹಾನಗರಕ್ಕೆ ದೊಡ್ಡ ಕಂಪನ ಕಾದಿದೆ ಎಂದು ಭೂವಿಜ್ಞಾನಿಗಳು ವರ್ಷಗಳಿಂದ ಎಚ್ಚರಿಸುತ್ತಿದ್ದಾರೆ. ಅದು ಬಂದ ದಿನ, ಅಂಕಾರಾದಲ್ಲಿ ಯಾರೇ ಆಳುತ್ತಿರಲಿ, ಅವರು ನಮ್ಮ ಬಗ್ಗೆ ಹಿಂದಿನ ದಿನ ಏನೇ ಹೇಳಿರಲಿ, ನಮ್ಮ ಎನ್‌ಡಿಆರ್‌ಎಫ್ ತಂಡ, ನಾಯಿಗಳು, ಸೇನಾ ವೈದ್ಯರು ಆ ರಾತ್ರಿಯೇ ಹೊರಡುತ್ತಾರೆ ಎಂದು ತಾವು ಈಗಲೇ, ಭೂಮಿ ನಡುಗುವ ಮುಂಚೆಯೇ, ಲೋಕಸಭೆಯಲ್ಲಿ ಎದ್ದು ನಿಂತು ಹೇಳಬೇಕು. ಆ ಮಾತನ್ನು ಮೊದಲು ಕೇಳಿಸಿಕೊಳ್ಳಬೇಕಾದವರು ಟರ್ಕಿಯವರಲ್ಲ, ನಮ್ಮ ಊರಿನವರು.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕಿ,
ಸರಸ್ವತಿಪುರಂ, ಮೈಸೂರು